ವೀಸಾ ಸಿಗದ ಬಾಣಂತನ

ಕೊರೋನಾ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಗಂಗಾವತಿಯಲ್ಲಿದ್ದುಕೊಂಡು ಬಾಣಂತನ ಮಾಡುವ ಕೆಲಸ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ಮೊಣಕಾಲು ಹಿಡಿದ ಮೇಲೆ ದೂರದ ಮನೆಗಳನ್ನು ಬಿಟ್ಟಿದ್ದೇನೆ, ಅಷ್ಟೇ. ಆಗ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ಬಸ್ಸು ಹತ್ತಿ ಹೋಗಿ ತಿಂಗಳುಗಟ್ಟಲೆ ಅವರ ಮನೆಯಲ್ಲೇ ಇರುತ್ತಿದ್ದೆ.

ನಾನು ಹೆರಿಗೆ ಮಾಡಿಸುವವಳಲ್ಲ. ಮೊದಲು ಮಾಡಿಸುತ್ತಿದ್ದೆ. ಆಸ್ಪತ್ರೆಗಳಾದ ಮೇಲೆ ಬಿಟ್ಟೆ, ಬಿಟ್ಟದ್ದು ಒಳ್ಳೆಯದೇ ಆಯಿತು. ನನ್ನ ಕೆಲಸ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು. ಬಾಣಂತಿಗೆ ಎಣ್ಣೆ ಹಚ್ಚಿ ಮೈ ತಿಕ್ಕಿ ಬಿಸಿನೀರು ಎರೆಯುವುದು, ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು, ಸಬ್ಬಸಗಿ ಪಲ್ಯ, ಬಳ್ಳೊಳ್ಳಿ, ಅಂಟಿನುಂಡಿ ಮಾಡಿ ತಿನ್ನಿಸುವುದು. ಬಾಣಂತಿ ಅಳುತ್ತಾ ಕೂತರೆ ಬೈದು ಮಲಗಿಸುವುದು. ಅತ್ತೆ ಪಿರಿಪಿರಿ ಮಾಡಿದರೆ ಅತ್ತೆಯನ್ನೂ ಬೈಯುವುದು.

ಓದು ಬರಹ ನನಗೆ ಅಷ್ಟಕ್ಕಷ್ಟೇ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಇದನ್ನು ಬರೆದ ಮೇಲೆ ನಮ್ಮ ಓಣಿಯ ಆರೋಗ್ಯ ಕೇಂದ್ರದ ಸಿಸ್ಟರಮ್ಮ ತಿದ್ದಿಕೊಟ್ಟಿದ್ದಾಳೆ. ಅಕ್ಷರ ಅವಳು ತಿದ್ದಿದ್ದು, ಮಾತು ನನ್ನವೇ. ಎಲ್ಲಕ್ಕಿಂತ ಕಷ್ಟದ ಬಾಣಂತನ ಯಾವುದು ಎಂದು ಜನ ನನ್ನನ್ನು ಕೇಳುತ್ತಾರೆ. ಅವಳಿ ಜವಳಿಯದೋ, ಸಿಜೇರಿಯನ್ ಹೊಲಿಗೆ ಬಿಚ್ಚಿದ್ದೋ ಹೇಳುತ್ತೇನೆ ಎಂದುಕೊಂಡಿರುತ್ತಾರೆ. ಅವು ಕೈಗೆ ಕಷ್ಟ, ಅಷ್ಟೇ. ನಾನು ಹೇಳುವುದು ನನ್ನ ತಂಗಿಯ ಮಗಳದು.

ತಂಗಿಯ ಹೆಸರು ನೀಲವ್ವ. ಕನಕಗಿರಿಯಲ್ಲಿ ಅಂಗನವಾಡಿ ಸಹಾಯಕಿ. ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು ರೇಣುಕಾ. ಆ ಹುಡುಗಿ ಕೊಪ್ಪಳದಲ್ಲಿ ನರ್ಸಿಂಗ್ ಓದಿ, ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ದುಡಿದು, ಪರೀಕ್ಷೆ ಬರೆದು ಒಂದು ಚಳಿಯ ದೇಶಕ್ಕೆ ಹೋದಳು. ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ಗಂಡನಿಗೂ ಅಂಥದ್ದೇ ಕೆಲಸ. ಇವಳದು ಹಗಲು ಪಾಳಿಯಾದರೆ ಅವನದು ರಾತ್ರಿ ಪಾಳಿ. ದೇಶದ ಹೆಸರು ಬರೆಯುವುದಿಲ್ಲ. ಆ ದೇಶ ನಮಗೆ ಕೆಟ್ಟದ್ದೇನೂ ಮಾಡಿಲ್ಲ.

ರೇಣುಕಾಳಿಗೆ ಮೊದಲನೆಯ ಬಸುರು ಇಲ್ಲೇ ಗಂಗಾವತಿಯಲ್ಲಿದ್ದಾಗ ನಿಂತಿತ್ತು, ಐದು ತಿಂಗಳಿಗೆ ಹೋಯಿತು. ಎರಡನೆಯದು ಅಲ್ಲಿ, ಎಂಟು ತಿಂಗಳಿಗೆ. ಗಂಡು ಕೂಸು. ಹೊಟ್ಟೆಯಲ್ಲೇ ಸತ್ತಿತ್ತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಗಂಡನಿಗೆ ರಜೆ ಸಿಕ್ಕಿದ್ದು ಒಂದು ವಾರ. ಆಮೇಲೆ ದಿನವಿಡೀ ಒಬ್ಬಳೇ. ನಮಗೆ ಫೋನಿನಲ್ಲಿ ಆರಾಮ ಇದ್ದೇನೆ ಎನ್ನುತ್ತಿದ್ದಳು. ಆ ದಿನಗಳಲ್ಲಿ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಳೆಂದು ಅಳಿಯ ಎಷ್ಟೋ ದಿನಗಳ ನಂತರ ಹೇಳಿದ.

ಹಾಗಾಗಿ ಮೂರನೆಯದು ನಿಂತಾಗ ರೇಣುಕಾ ಮೊದಲು ಫೋನ್ ಮಾಡಿದ್ದು ನನಗೆ.

"ದೊಡ್ಡವ್ವಾ, ಈ ಸಲ ನೀನೂ ಅವ್ವಾನೂ ಇಬ್ರೂ ಬರ್ರಿ."

"ಬರ್ತೀವಿ ತಗೊ. ನೀ ಹೊಟ್ಟಿ ತುಂಬ ಉಣ್ಣು."

"ಹಂಗಲ್ಲ. ಕೂಸು ಉಳೀತಂದ್ರ ಬರ್ರಿ, ಇಲ್ಲಂದ್ರ ಬ್ಯಾಡ ಅನ್ನಂಗಿಲ್ಲ. ಉಳೀಲಿ ಬಿಡ್ಲಿ, ನೀವು ಇಲ್ಲಿ ಇರ್ಬೇಕು. ಹೋದ ಸಲದಂಗ ನನ್ ಕೈಲೆ ಆಗಂಗಿಲ್ಲ."

ಅವಳು ಕೇಳಿದ್ದು ಇಷ್ಟೇ. ಹೆರಿಗೆಗೆ ಮುಂಚೆ ನಾವಿಬ್ಬರೂ ಅಲ್ಲಿರಬೇಕು.

ಅದಕ್ಕೆ ಬೇಕಾದದ್ದು ಟೂರಿಸ್ಟ್ ವೀಸಾ. ಹೋಗುತ್ತೇವೆ, ಇದ್ದು ನೋಡಿಕೊಂಡು ಹೇಳಿದ ದಿನಕ್ಕೆ ತಿರುಗಿ ಬರುತ್ತೇವೆ ಎಂದು ನಾವು ಹೇಳುವ ಮಾತನ್ನು ನಂಬಿ ಆ ದೇಶದವರು ಕೊಡುವ ಪರವಾನಗಿ ಅದು. ಕೂಲಿಗೆ ಹೋಗುವಂತಿಲ್ಲ. ಆದರೆ ಮಗಳ ಬಾಣಂತನಕ್ಕೆ ತಾಯಿ, ದೊಡ್ಡಮ್ಮ ಹೋಗಬಹುದು. ಕದ್ದು ಮಾಡುವ ಕೆಲಸವಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಕೊಡುತ್ತಾರೆ. ನಮ್ಮ ಭಾಗದಿಂದಲೂ ಎಷ್ಟೋ ತಾಯಂದಿರು ಹಾಗೆ ಹೋಗಿಬಂದಿದ್ದಾರೆ.

ಇಲ್ಲಿ ನಮ್ಮ ಜನರ ಒಂದು ರೀತಿಯನ್ನು ಹೇಳಬೇಕು. ಬಸುರಿಗೆ ಏಳನೆಯ ತಿಂಗಳಿಗೆ ಕುಬಸ ಮಾಡುತ್ತೇವೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಊರಿಗೆಲ್ಲ ಊಟ ಹಾಕುತ್ತೇವೆ. ಆದರೆ ಕೂಸು ಉಳಿಯದವಳಿಗೆ ಅದೆಲ್ಲ ಇಲ್ಲ. ಎರಡು ಹೋದ ಮೇಲೆ ಮೂರನೆಯದನ್ನು ಬಾಯಿಂದ ಹೊರಗೆ ಹಾಕುವುದೇ ಇಲ್ಲ. ತಿಂಗಳು ಎಷ್ಟು ಎಂದು ಹೇಳುವುದಿಲ್ಲ, ತೊಟ್ಟಿಲು ಇಳಿಸುವುದಿಲ್ಲ, ಕೂಸಿನ ತಲೆಗೆ ಕುಲಾಯಿ ಹೊಲಿಯುವುದಿಲ್ಲ. ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇವೆ. ಹುಟ್ಟಿದ ಮೇಲೂ ಕೂಸು ಬೇಡವಾದದ್ದೆನ್ನುವಂತೆ ತೋರಿಸುತ್ತೇವೆ. ನನ್ನ ಹೆಸರೇ ತಿಪ್ಪವ್ವ. ನನಗಿಂತ ಮುಂಚೆ ನಮ್ಮವ್ವನಿಗೆ ಹುಟ್ಟಿದವು ಉಳಿಯಲಿಲ್ಲ. ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ ಎಸೆದಂತೆ ಮಾಡಿ, ಪಕ್ಕದ ಮನೆಯವಳ ಕೈಯಿಂದ ಎತ್ತಿಸಿ ಈ ಹೆಸರಿಟ್ಟರು. ಕಸವೆಂದು ತಿಳಿದು ಸಾವು ಬಿಟ್ಟುಹೋಗಲಿ ಎಂದು. ನಾನು ಉಳಿದೆ. ತಿಪ್ಪೆಯಿಂದಲೇ ಉಳಿದೆನೆಂದು ನಾನು ನಂಬುವುದಿಲ್ಲ. ನಮ್ಮವ್ವ ಸಾಯುವ ತನಕ ನಂಬಿದ್ದಳು. ನೀಲವ್ವ ಈಗಲೂ ನಂಬುತ್ತಾಳೆ.

ಮಗಳು ಮೂರನೆಯ ಸಲ ಬಸುರಿ ಎಂಬುದನ್ನು ಅವಳು ಕನಕಗಿರಿಯಲ್ಲಿ ಒಂದು ನರಪಿಳ್ಳೆಗೂ ಹೇಳಲಿಲ್ಲ. ದಿನ ಬೆಳಗಾದರೆ ಅಂಗನವಾಡಿಯಲ್ಲಿ ಊರ ಬಸುರಿಯರಿಗೆ ಮೊಟ್ಟೆ ಹಂಚುವವಳು, ಅವರ ತೂಕ ನೋಡುವಾಗ ಟೀಚರಿಗೆ ಕೈ ಹಚ್ಚುವವಳು, ತನ್ನ ಮಗಳ ಮಾತು ಬಂದರೆ ಎದ್ದು ಒಲೆ ಊದಲು ಹೋಗುತ್ತಿದ್ದಳು. ನನ್ನ ಜೊತೆ ಮಾತಾಡುವಾಗಲೂ 'ಅದು' ಎನ್ನುತ್ತಿದ್ದಳೇ ಹೊರತು ಬೇರೆ ಶಬ್ದ ಬಳಸುತ್ತಿರಲಿಲ್ಲ.

ಪಾಸ್‌ಪೋರ್ಟಿನ ಕೆಲಸ ಗಂಗಾವತಿಯ ಖಾದರಸಾಬನ ಆನ್‌ಲೈನ್ ಸೆಂಟರಿನಲ್ಲಿ ನಡೆಯಿತು. ಖಾದರಸಾಬನಿಗೆ ಐವತ್ತು ದಾಟಿದೆ. ಹಜ್ ಯಾತ್ರೆಗೆ ಹೋಗುವ ಎಷ್ಟೋ ಮುದುಕರ ಕಾಗದಪತ್ರ ಮಾಡಿಸಿದವನು. ಹಾಗಾಗಿ ಪಾಸ್‌ಪೋರ್ಟ್ ಕಚೇರಿಯ ಎಲ್ಲ ತಕರಾರುಗಳೂ ಅವನಿಗೆ ಗೊತ್ತು. ನಮ್ಮ ಆಧಾರ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದವನೇ ನಗತೊಡಗಿದ.

"ಅಕ್ಕಾರ, ಇದರಾಗ ನಿಮ್ ತಂಗಿ ನಿಮಗಿಂತ ಎರಡು ವರ್ಷ ದೊಡ್ಡಾಕಿ ಅದಾಳ."

"ಬರಕೊಳ್ಳಾಕ ಬಂದಾಂವ ಮಾರಿ ನೋಡಿ ಬರಕೊಂಡಾನ. ಆಕಿಗೆ ಮೊದಲ ಹಲ್ಲು ಬಿದ್ದಾವಲ್ಲ, ಅದಕ್ಕ."

"ಯಕ್ಕಾ, ನನ್ ಹಲ್ಲಿನ ಸುದ್ದಿ ಯಾಕ?" ಎಂದಳು ನೀಲವ್ವ.

ತಿದ್ದುಪಡಿಯಾಯಿತು, ಅಫಿಡವಿಟ್ ಆಯಿತು. ಬಳ್ಳಾರಿಗೆ ಹೋಗಿ ಫೋಟೊ, ಬೆರಳಚ್ಚು ಕೊಟ್ಟೆವು. ಪೊಲೀಸ್ ವೆರಿಫಿಕೇಶನ್ ಎಂದು ಒಬ್ಬ ಕಾನ್‌ಸ್ಟೇಬಲ್ ಮನೆಗೆ ಬಂದ. ಅವನ ಹೆಂಡತಿಯ ಎರಡೂ ಬಾಣಂತನ ಮಾಡಿದವಳು ನಾನೇ. ಚಾ ಕುಡಿದು, ನಿಂತುಕೊಂಡೇ ಬರೆದು ಹೋದ. ಪಾಸ್‌ಪೋರ್ಟ್ ಬಂತು. ಆ ಹೊತ್ತಿಗೆ ರೇಣುಕಾಳಿಗೆ ಐದು ತಿಂಗಳು ತುಂಬಿತ್ತು.

ಆಮೇಲೆ ವೀಸಾ ಅರ್ಜಿ. ರೇಣುಕಾ ಅಲ್ಲಿಂದ ಇನ್ವಿಟೇಶನ್ ಲೆಟರ್ ಕಳಿಸಿದಳು. ಇವರು ನನ್ನ ತಾಯಿ ಮತ್ತು ದೊಡ್ಡಮ್ಮ, ನನ್ನ ಹೆರಿಗೆಗೆ ಬರುತ್ತಿದ್ದಾರೆ, ನನ್ನ ಮನೆಯಲ್ಲೇ ಇರುತ್ತಾರೆ ಎಂದು. ಅದರ ಜೊತೆ ಆಸ್ಪತ್ರೆಯವರ ಕಾಗದವೂ ಇತ್ತು. ಖಾದರಸಾಬ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ. ಇಂಟರ್‌ವ್ಯೂ ಹೈದರಾಬಾದಿನಲ್ಲಿ, ಇಬ್ಬರಿಗೂ ಒಂದೇ ದಿನ. ಇಂಟರ್‌ವ್ಯೂ ಎಂದರೆ ಆ ದೇಶದ ಅಧಿಕಾರಿಯೊಬ್ಬ ಕಿಟಕಿಯ ಆಚೆ ಕೂತು ನಾಲ್ಕು ಪ್ರಶ್ನೆ ಕೇಳುತ್ತಾನೆ. ಅರ್ಜಿಯಲ್ಲಿ ಇರುವುದೂ ಬಾಯಲ್ಲಿ ಬರುವುದೂ ಒಂದೇ ಆಗಿದ್ದರೆ ವೀಸಾ, ಇಲ್ಲದಿದ್ದರೆ ಇಲ್ಲ.

ಖಾದರಸಾಬ ನಮ್ಮಿಬ್ಬರನ್ನೂ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಮಕ್ಕಳಿಗೆ ಮಗ್ಗಿ ಹೇಳಿಸಿದಂತೆ ಕೇಳಿದ. "ಯಾಕ ಹೊಂಟೀರಿ ಅಂತ ಕೇಳ್ತಾರ. ಏನಂತೀರಿ?"

ನಾನು ಹೇಳಿದೆ: "ತಂಗಿ ಮಗಳು ಬಸುರಿ ಅದಾಳ, ಬಾಣಂತನಕ್ಕ ಹೊಂಟೀನಿ."

"ಶಾಬಾಸ್. ನೀವು?"

ನೀಲವ್ವ ಸೆರಗು ಸರಿಮಾಡಿಕೊಂಡಳು. "ಮಗಳ ಮನಿಗೆ."

"ಯಾಕ?"

"ಮಗಳ ಮನಿಗೆ ಯಾಕ ಹೋಗ್ತಾರ? ಮಗಳನ್ನ ನೋಡಾಕ."

"ಅಷ್ಟ ಸಾಲಂಗಿಲ್ಲಬೇ. ನಾ ಇಲ್ಲಿ ಹೆರಿಗಿ ಅಂತ ಬರದೀನಿ. ಅಲ್ಲಿ ಬಾಯಿ ಬಿಟ್ಟು ಹೇಳಬೇಕು."

"ಹೇಳ್ತೀನಿ ತಗೋರಿ. ಅಲ್ಲಿ ಹೇಳ್ತೀನಿ. ಇಲ್ಲಿ ಮಂದಿ ಅದಾರ."

ಅಂಗಡಿಯಲ್ಲಿದ್ದ ಮಂದಿ ಎಂದರೆ ಜೆರಾಕ್ಸ್ ಮಾಡಿಸಲು ಬಂದ ಒಬ್ಬ ರೈತ. ಅವನಿಗೆ ತನ್ನ ಪಹಣಿಯ ಚಿಂತೆ, ನಮ್ಮದಲ್ಲ. ಅಲ್ಲಿ ಹೇಳುತ್ತೇನೆ ಎಂದಳಲ್ಲ, ಖಾದರಸಾಬನೂ ಒಪ್ಪಿದ, ನಾನೂ ಒಪ್ಪಿದೆ.

ಬಸ್ಸಿನಲ್ಲಿ ಹೈದರಾಬಾದಿಗೆ ಹೋದೆವು. ಆ ಕಚೇರಿಯ ಗೇಟಿನಲ್ಲಿ ಫೋನ್ ಇಸಿದುಕೊಂಡರು. ನನ್ನ ಎಲೆ ಅಡಿಕೆಯ ಚಂಚಿಯನ್ನೂ ಇಸಿದುಕೊಂಡರು. ತಪಾಸಣೆಯ ಹೆಣ್ಣುಮಗಳು ಸುಣ್ಣದ ಡಬ್ಬಿ ಮೂಸಿ ನೋಡಿ ಇದೇನು ಎಂದಳು. ಬೇಕಾದರೆ ಒಂದು ಎಲೆ ಹಾಕಿಕೊ ಎಂದೆ. ಅವಳಿಗೆ ನಗು ಬಂತು, ಆದರೂ ಒಳಗೆ ಬಿಡಲಿಲ್ಲ. ಬಾಯಿ ಚಪ್ಪೆಯಾಗಿ ಕೂತೆ.

ಒಳಗೆ ದೊಡ್ಡ ಹಾಲ್. ಒಂದು ಕಡೆ ಸಾಲಾಗಿ ಗಾಜಿನ ಕಿಟಕಿಗಳು. ಗಾಜು ಎಷ್ಟು ದಪ್ಪವೆಂದರೆ ಆಚೆಯವರ ದನಿ ಈಚೆಗೆ ಬರುವುದಿಲ್ಲ. ಅದಕ್ಕೇ ಎರಡೂ ಕಡೆ ಮೈಕು ಇಟ್ಟಿದ್ದಾರೆ. ಕಿಟಕಿಯ ಮುಂದೆ ನಿಂತವನು ಹೇಳಿದ್ದು ಹಿಂದೆ ಕುರ್ಚಿಗಳಲ್ಲಿ ಕೂತ ಅಷ್ಟೂ ಜನಕ್ಕೆ ಕೇಳಿಸುತ್ತಿತ್ತು. ನಮಗಿಂತ ಮುಂಚಿನ ಒಬ್ಬ ಮುದುಕ ಮಗನ ಮದುವೆಗೆ ಹೊರಟಿದ್ದ. ಸೊಸೆ ಯಾವ ಜಾತಿ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ನಮಗೆ ತಿಳಿಯಿತು.

ನಮ್ಮ ಸರದಿ ಬಂತು. ಇಬ್ಬರನ್ನೂ ಒಟ್ಟಿಗೇ ಕರೆದರು. ಆಚೆ ಕನ್ನಡಕದ ಒಬ್ಬ ಬಿಳಿಯ ಅಧಿಕಾರಿ. ಪಕ್ಕದಲ್ಲಿ ಅವನ ಮಾತನ್ನು ತೆಲುಗಿನಲ್ಲಿ ಹೇಳಲು ಒಬ್ಬ ಹೆಣ್ಣುಮಗಳು. ನಮಗಿಬ್ಬರಿಗೂ ತೆಲುಗು ಚೆನ್ನಾಗಿ ಬರುತ್ತದೆ. ಹರೆಯದಲ್ಲಿ ಕಾರಟಗಿ ಕಡೆಯ ತೆಲುಗರ ಕ್ಯಾಂಪುಗಳಲ್ಲಿ ಭತ್ತದ ನಾಟಿ ಮಾಡಿದವರು ನಾವು. ಭಾಷೆ ತಿಳಿಯಲಿಲ್ಲ ಎಂಬ ನೆಪ ನಮಗಿಲ್ಲ. ಅವರು ಕೇಳಿದ್ದೂ ಸರಿಯಾಗಿ ತಿಳಿಯಿತು, ನಾವು ಹೇಳಿದ್ದೂ ಅವರಿಗೆ ಸರಿಯಾಗಿ ತಿಳಿಯಿತು. ಮಾತು ನಡೆದದ್ದು ತೆಲುಗಿನಲ್ಲಿ, ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ತಾಯಿಯನ್ನು ಮೊದಲು ಕೇಳಿದರು. "ಯಾಕೆ ಹೋಗುತ್ತಿದ್ದೀರಿ?"

ನೀಲವ್ವ ಮೈಕು ನೋಡಿದಳು. ಹಿಂದೆ ತಿರುಗಿ ಕುರ್ಚಿಗಳಲ್ಲಿ ಕೂತವರನ್ನು ನೋಡಿದಳು. "ಮಗಳನ್ನ ನೋಡಾಕ ರೀ. ಊರು ನೋಡಾಕ."

"ಈಗಲೇ ಹೋಗಬೇಕಾದ ಕಾರಣ ಏನಾದರೂ ಇದೆಯೇ?"

"ಏನಿಲ್ಲ ರೀ."

ಅಧಿಕಾರಿ ತನ್ನ ಮುಂದಿನ ಕಾಗದ ನೋಡಿದ. ಮಗಳ ಪತ್ರ ಅಲ್ಲೇ ಇತ್ತು. ಅವನು ಕಟುಕನೇನೂ ಅಲ್ಲ. ಇನ್ನೊಂದು ಸಲ, ಬಿಡಿಸಿ ಕೇಳಿಸಿದ. "ನಿಮ್ಮ ಮಗಳು ಗರ್ಭಿಣಿಯೇ?"

ನಾನು ಅವಳ ತೋಳು ಚಿವುಟಿದೆ. ಅವಳು ಗಾಜಿನಲ್ಲಿ ಕಾಣುತ್ತಿದ್ದ ತನ್ನ ಮುಖವನ್ನೇ ನೋಡುತ್ತಾ ಹೇಳಿದಳು: "ಇಲ್ಲ ರೀ. ನನ್ನ ಮಗಳು ಆರಾಮ ಅದಾಳ."

ನಾನು ಮೈಕಿಗೆ ಬಾಯಿ ಕೊಟ್ಟೆ. "ಬಸುರಿ ಅದಾಳ ರೀ. ಆರು ತಿಂಗಳು. ಈಕಿ ಅಂಜಿ ಹೇಳವಲ್ಲಳು."

ಆ ಹೆಣ್ಣುಮಗಳು ನನ್ನ ಮಾತನ್ನು ಅವನಿಗೆ ಹೇಳಿದಳು. ಅವನು ನೀಲವ್ವನ ಕಡೆ ತಿರುಗಿ, ಇವರು ಹೇಳುವುದು ನಿಜವೇ ಎಂದು ಕೇಳಿಸಿದ. ನೀಲವ್ವ ನನ್ನ ಕಡೆ ನೋಡಲೂ ಇಲ್ಲ.

"ಆಕಿ ಏನರ ಅಂತಾಳ ರೀ. ಅಂಥಾದ್ದೇನೂ ಇಲ್ಲ."

ಅಧಿಕಾರಿ ಸ್ವಲ್ಪ ಹೊತ್ತು ಟೈಪ್ ಮಾಡಿದ. ಆಮೇಲೆ ಗಾಜಿನ ಕೆಳಗಿನ ಸಂದಿಯಿಂದ ಇಬ್ಬರಿಗೂ ಒಂದೊಂದು ಕಾಗದ ತಳ್ಳಿದ. ಈ ಸಲ ವೀಸಾ ಕೊಡಲು ಆಗುವುದಿಲ್ಲ, ಮತ್ತೆ ಅರ್ಜಿ ಹಾಕಬಹುದು ಎಂದಿತ್ತು.

ಅವನನ್ನು ನಾನು ಬೈಯುವುದಿಲ್ಲ. ಮಗಳ ಕಾಗದ ಒಂದು ಹೇಳುತ್ತದೆ, ತಾಯಿ ಇನ್ನೊಂದು ಹೇಳುತ್ತಾಳೆ, ದೊಡ್ಡಮ್ಮ ತಾಯಿಯ ಮಾತು ಸುಳ್ಳು ಎನ್ನುತ್ತಾಳೆ. ಯಾವ ನ್ಯಾಯವಂತನಾದರೂ ಇವರ ಒಳಗೆ ಬೇರೇನೋ ಇದೆ ಎಂದುಕೊಳ್ಳುತ್ತಾನೆ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಕೊಡುತ್ತಿರಲಿಲ್ಲ.

ಹೊರಗೆ ಬಂದು ಒಂದು ಬೇವಿನ ಗಿಡದ ಕೆಳಗೆ ಫುಟ್‌ಪಾತಿನಲ್ಲಿ ಕೂತೆವು. ನಾನು ಮೊದಲು ಚಂಚಿ ಬಿಚ್ಚಿ ಎಲೆ ಹಾಕಿಕೊಂಡೆ. ಆಮೇಲೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು. ನೀಲವ್ವ ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದಳು.

"ಮೊದಲನೇದಕ್ಕ ಊರ ತುಂಬ ಪೇಡೆ ಹಂಚಿದ್ದೆ. ಎರಡನೇದಕ್ಕ ಕುಬಸಕ್ಕಂತ ಹಸರು ಸೀರಿ ತಂದು ಕಳಿಸಿದ್ದೆ. ಎರಡೂ ಹೋದ್ವು. ಈಗ ಮೈಕಿನಾಗ ಹೇಳು ಅಂತಿಯಲ್ಲ ಯಕ್ಕಾ, ಅಷ್ಟು ಮಂದಿ ಮುಂದ. ಹೆಂಗ ಹೇಳ್ಲಿ?"

"ಅವರು ಪರದೇಶದಾಗಿನ ಮಂದಿ. ಅವರ ಕಣ್ಣು ತಾಗತಾವೇನು?"

"ಕಣ್ಣಿಗೆ ದೇಶ ಐತೇನು?"

ನನಗೆ ಮತ್ತೆ ಬೈಯಲು ಆಗಲಿಲ್ಲ. ಅವಳು ಮೊಂಡುತನ ಮಾಡಿರಲಿಲ್ಲ. ವೀಸಾ ಬೇಕೋ ಕೂಸು ಬೇಕೋ ಎಂದು ಯಾರೋ ಕೇಳಿದಂತೆ ಅವಳಿಗೆ ಕೇಳಿಸಿತ್ತು. ಅವಳು ಕೂಸನ್ನು ಆರಿಸಿಕೊಂಡಿದ್ದಳು.

ಗಂಗಾವತಿಗೆ ಬಂದ ಮೇಲೆ ಖಾದರಸಾಬ ತಲೆಯ ಮೇಲೆ ಕೈ ಹೊತ್ತುಕೊಂಡ. ಮತ್ತೆ ಅರ್ಜಿ ಹಾಕಿದ. ತಾಯಿ ಯಾಕೆ ಹಾಗೆ ಹೇಳಿದಳು ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಅದಕ್ಕೆ ಲಗತ್ತಿಸಿದ. ಆದರೆ ಇಂಟರ್‌ವ್ಯೂಗೆ ಸಿಕ್ಕ ತಾರೀಖು ರೇಣುಕಾಳ ದಿನ ತುಂಬಿದ ಮೇಲಿನದು. ಅವಸರವಿದೆ, ಬೇಗ ಕೊಡಿ ಎಂದು ಬರೆದೆವು. ಆಗುವುದಿಲ್ಲ ಎಂದು ಉತ್ತರ ಬಂತು. ರೇಣುಕಾಳಿಗೆ ನಾನೇ ಫೋನಿನಲ್ಲಿ ಹೇಳಿದೆ. ಯಾಕೆ ಆಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಅವ್ವಗ ಬೈಬ್ಯಾಡ ದೊಡ್ಡವ್ವಾ," ಎಂದಳು.

"ಬೈದು ಮುಗಿಸೀನಿ."

ದಿನ ತುಂಬುವ ತನಕ ಕೂಸು ಕಾಯಲಿಲ್ಲ. ಎಂಟು ತಿಂಗಳಿಗೆ ಹುಟ್ಟಿತು. ಹೆಣ್ಣು. ಅಳಿಯ ವಿಡಿಯೊದಲ್ಲಿ ತೋರಿಸಿದ. ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಕೆ, ತಲೆಗೆ ಉಣ್ಣೆಯ ಟೊಪ್ಪಿಗೆ. ಕೈ ಆಡಿಸುತ್ತಿತ್ತು. ನೀಲವ್ವ ಆ ದಿನ ನಮ್ಮ ಮನೆಯಲ್ಲಿದ್ದಳು. ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಳು. ನೋಡು ಎಂದೆ. ಉಳಿಯಲಿ, ಆಮೇಲೆ ನೋಡುತ್ತೇನೆ ಎಂದಳು. ಮರುದಿನವೂ ನೋಡಲಿಲ್ಲ. ಅದರ ಮರುದಿನ ಸಂಜೆ ಅಳಿಯ ಫೋನ್ ಮಾಡಿ, ಹೋಯಿತು ಎಂದ. ಪುಪ್ಪುಸ ಬಲಿತಿರಲಿಲ್ಲವಂತೆ. ಅಲ್ಲಿಯ ಡಾಕ್ಟರುಗಳು ಮಾಡಬೇಕಾದದ್ದೆಲ್ಲ ಮಾಡಿದ್ದರು.

ನೀಲವ್ವ ತನ್ನ ಮೊಮ್ಮಗಳ ಮುಖ ನೋಡಲೇ ಇಲ್ಲ.

ಇನ್ನು ನನ್ನ ಕೆಲಸದ ಮಾತು. ಕೂಸು ಹೋದ ಎರಡು ದಿನಕ್ಕೆ ರೇಣುಕಾ ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲಿ ಕೇಳಿದಳು.

"ದೊಡ್ಡವ್ವಾ, ಹಾಲು ಬಂದಾವು. ಏನ್ ಮಾಡ್ಲಿ?"

ಅವಳು ನರ್ಸು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕೇಳಿದ್ದಲ್ಲ.

"ಹಿಂಡಿ ಪೂರಾ ತಗೀಬ್ಯಾಡ, ಮತ್ತ ತುಂಬ್ತಾವು. ಭಾಳ ಬಿಗಿದ್ರ ಸ್ವಲ್ಪ ತಗಿ, ನೋವು ಇಳಿಯೋಷ್ಟು. ಮಲ್ಲಿಗಿ ಹೂವು ಇಟ್ಟು ಅರಿವಿ ಕಟ್ಟೋದು ನಮ್ಮ ಕಡೆ."

"ಇಲ್ಲಿ ಮಲ್ಲಿಗಿ ಎಲ್ಲಿ ತರ್ಲಿ? ಇಲ್ಲಿ ಸಿಸ್ಟರ್ ಎಲಿಕೋಸಿನ ಎಲಿ ಫ್ರಿಜ್ಜಿನಾಗ ಇಟ್ಟು ಹಾಕ್ಕೊ ಅಂತಾಳ."

"ಹಾಕ್ಕೊ. ತಂಪು ಇರತೈತಿ. ಅದೂ ಆಗತೈತಿ. ಜ್ವರ ಬಂದ್ರ ದವಾಖಾನಿಗೆ ಹೋಗು, ನನಗ ಕೇಳ್ಕೋತ ಕುಂದ್ರಬ್ಯಾಡ."

"ಹ್ಞೂಂ." ಆಮೇಲೆ ಕೇಳಿದಳು: "ಬೆನ್ನು ಭಾಳ ನೋಯ್ತೈತಿ ದೊಡ್ಡವ್ವಾ. ಯಾರ ಕಡೆ ತಿಕ್ಕಿಸಿಕೊಳ್ಳಿ?"

ಬೆನ್ನು ಫೋನಿನಲ್ಲಿ ತಿಕ್ಕುವಂಥದ್ದಲ್ಲ. ನನ್ನ ಕೈ ಗಂಗಾವತಿಯಲ್ಲಿತ್ತು.

ಆಮೇಲೆ ಒಂದು ದಿನ ನೀಲವ್ವ ನನ್ನ ಅಡುಗೆಮನೆಯಲ್ಲಿ ಮೆಂತ್ಯೆಪಲ್ಯ ಸೋಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ನಾ ಹೇಳಲಿಲ್ಲ ಯಕ್ಕಾ. ಯಾರಿಗೂ ಹೇಳಲಿಲ್ಲ. ಮತ್ತೂ ಹೋತು. ಹೇಳಿದ್ರ ಏನಾಗ್ತಿತ್ತು?"

ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ಇದ್ದದ್ದನ್ನೇ ಹೇಳಿದೆ.

"ಹೇಳಿದ್ರೂ ಹೋಗ್ತಿತ್ತು. ಆದ್ರ ನೀ ಅಲ್ಲಿ ಇರ್ತಿದ್ದಿ."

ಅವಳು ಪಲ್ಯ ಸೋಸುವುದನ್ನು ನಿಲ್ಲಿಸಲಿಲ್ಲ. ಕಡ್ಡಿಯನ್ನು ಪಲ್ಯಕ್ಕೆ ಹಾಕಿ ಎಲೆಯನ್ನು ಕಸಕ್ಕೆ ಹಾಕುತ್ತಿದ್ದಳು. ನಾನು ಮೊರವನ್ನು ಅವಳ ಕೈಯಿಂದ ಇಸಿದುಕೊಂಡೆ. ಆ ಮಾತು ಹೇಳಿದ್ದು ಸರಿಯೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಸರಿಯೋ ತಪ್ಪೋ, ಅವಳು ನನ್ನನ್ನು ಕೇಳಿದ್ದಳು. ಸುಳ್ಳು ಬೇಕಾಗಿದ್ದರೆ ಬೇರೆಯವರನ್ನು ಕೇಳುತ್ತಿದ್ದಳು.

ಎರಡನೆಯ ಇಂಟರ್‌ವ್ಯೂಗೆ ನಾವು ಹೋಗಲಿಲ್ಲ. ಬರಬೇಡಿ ಎಂದು ರೇಣುಕಾಳೇ ಹೇಳಿದಳು. "ಈಗ ಬಂದು ಏನ್ ಮಾಡ್ತೀರಿ? ನಾನ ಬರ್ತೀನಿ."

ರಜೆ ಹೊಂದಿಸಿಕೊಂಡು ಅವಳು ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ನೇರ ನಮ್ಮ ಮನೆಗೇ ಬಂದಳು. ಕನಕಗಿರಿಗೆ ಹೋದರೆ ಓಣಿಯವರು ಬಂದು ಕೂರುತ್ತಾರೆ ಎಂದು ನೀಲವ್ವನೂ ಇಲ್ಲಿಗೇ ಬಂದಿದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ಊಟ ಆಯಿತೇ, ಚಳಿ ಇತ್ತೇ ಎಂದು ಕೇಳಿದರು. ಅದರಾಚೆಗೆ ಒಂದು ಮಾತಿಲ್ಲ. ಇಬ್ಬರೂ ಎರಡು ದಿನ ಹಾಗೇ ಇದ್ದರು. ಒಬ್ಬಳು ಪಡಸಾಲೆಯಲ್ಲಿದ್ದರೆ ಇನ್ನೊಬ್ಬಳು ಹಿತ್ತಲಲ್ಲಿ.

ಮೂರನೆಯ ದಿನ ಬೆಳಿಗ್ಗೆ ನಾನು ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದೆ. ಕುಸುಬಿ ಎಣ್ಣೆ ಬಿಸಿಮಾಡಿದೆ. ರೇಣುಕಾಳನ್ನು ಕರೆದು ಬಚ್ಚಲಿನಲ್ಲಿ ಮಣೆಯ ಮೇಲೆ ಕೂರು ಎಂದೆ.

"ಏನಿದು ದೊಡ್ಡವ್ವಾ?"

"ಎರಿತೀನಿ. ಎಣ್ಣಿ ಹಚ್ಚಿ."

"ನಾಲ್ಕು ತಿಂಗಳು ಆತು. ಈಗ ಎಂಥಾ ಬಾಣಂತನ? ಕೂಸೂ ಇಲ್ಲ."

"ಹಡದಾಕಿ ನೀ ಅದೀಯಲ್ಲ. ಬೆನ್ನು ಕೊಡು."

ಕೊಟ್ಟಳು. ಬೆನ್ನೆಲುಬು ಕೈಗೆ ಹತ್ತುವಷ್ಟು ಸೊರಗಿದ್ದಳು. ಕತ್ತಿನಿಂದ ಸೊಂಟದವರೆಗೆ ಎಣ್ಣೆ ಹಚ್ಚಿ ತಿಕ್ಕಿದೆ. ಹೊಟ್ಟೆಯ ಚರ್ಮ ಇನ್ನೂ ಸಡಿಲವಾಗಿತ್ತು. ಅಲ್ಲಿ ಕೈ ಇಟ್ಟಾಗ ಅವಳು ನನ್ನ ಕೈಯನ್ನು ಹಿಡಿದುಕೊಂಡಳು, ಸರಿಸಲಿಲ್ಲ. ನೀಲವ್ವ ಹಂಡೆಯಿಂದ ನೀರು ತೋಡಿ ತೋಡಿ ಕೊಡುತ್ತಿದ್ದಳು. ನಾನು ಎರೆಯುತ್ತಿದ್ದೆ. ಬಾಣಂತಿಗೆ ಎರೆಯುವ ನೀರು ಸುಡುವಷ್ಟು ಇರಬೇಕು. ಆ ಬಿಸಿಗೆ ರೇಣುಕಾ ಅಳುವುದಕ್ಕೆ ಶುರು ಮಾಡಿದಳು. ಅಳಲಿ ಎಂದು ಬಿಟ್ಟೆ, ಈ ಸಲ ಬೈಯಲಿಲ್ಲ.

ನೀರು ಅರ್ಧ ಮುಗಿದಿತ್ತು. ನೀಲವ್ವ ತಂಬಿಗೆ ಕೈಯಲ್ಲಿ ಹಿಡಿದು ನಿಂತಳು, ಕೊಡಲಿಲ್ಲ. ಹೊಗೆಗೆ ಕಣ್ಣು ಕೆಂಪಾಗಿದ್ದವು.

"ರೇಣಿ," ಎಂದಳು. "ಕೂಸು ಯಾರ್ ಹಂಗ ಇತ್ತವಾ?"

'ಕೂಸು' ಎಂಬ ಶಬ್ದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ರೇಣುಕಾ ಮುಖದ ಮೇಲಿನ ಒದ್ದೆ ಕೂದಲು ಸರಿಸಿಕೊಂಡು ತಾಯಿಯನ್ನು ನೋಡಿದಳು. "ಮೂಗು ನಿನ್ನಂಗಿತ್ತು ಬೇ. ಮೊಂಡ."

"ಕೂದಲ ಇತ್ತಾ?"

"ಇತ್ತು. ಭಾಳ ಇತ್ತು. ಟೊಪ್ಪಿಗಿ ಒಳಗಿಂದ ಹೊರಗ ಬಂದಿತ್ತು."

ನೀಲವ್ವ ತಂಬಿಗೆಯ ನೀರನ್ನು ತಾನೇ ಮಗಳ ತಲೆಯ ಮೇಲೆ ಸುರಿದಳು. ಎರೆಯುವುದು ಅವಳಿಗೆ ಬರುವುದಿಲ್ಲ, ನೀರು ಅರ್ಧ ನನ್ನ ಮೇಲೆ ಬಿತ್ತು. ನಾನು ಎದ್ದು ಮಣೆಯ ಹಿಂದಿನ ಜಾಗವನ್ನು ಅವಳಿಗೆ ಬಿಟ್ಟು ಒಲೆಯ ಮುಂದೆ ಕೂತೆ. ಅವರಿಬ್ಬರೂ ಆ ಕೂಸಿನ ಕೈ, ಕಾಲು, ಉಗುರು ಎಲ್ಲವನ್ನೂ ಮಾತಾಡಿದರು. ಹಂಡೆಯ ನೀರು ಮುಗಿದಾಗ ಇನ್ನೊಂದು ಹಂಡೆ ಕಾಯಿಸಿದೆ.

ರೇಣುಕಾ ಇದ್ದಷ್ಟು ದಿನ ದಿನಾ ಎರೆದೆವು. ಆಮೇಲೆ ಅವಳು ತಿರುಗಿ ಹೋದಳು, ಕೆಲಸ ಅಲ್ಲಿದೆ. ಮತ್ತೆ ಕೂಸಾಗಿಲ್ಲ. ಆಗುತ್ತದೋ ಇಲ್ಲವೋ ನಾನು ಕೇಳುವುದಿಲ್ಲ.

ನನ್ನ ಕೆಲಸದ ಬಗ್ಗೆ ನನಗೆ ತಿಳಿಯದಿದ್ದ ಒಂದು ಸಂಗತಿ ಇದರಿಂದ ತಿಳಿಯಿತು. ಇಷ್ಟು ವರ್ಷ ಕೂಸಿದ್ದ ಮನೆಗಳಿಗೆ ಮಾತ್ರ ನನ್ನನ್ನು ಕರೆಯುತ್ತಿದ್ದರು, ನಾನೂ ಅಲ್ಲಿಗೆ ಮಾತ್ರ ಹೋಗುತ್ತಿದ್ದೆ. ಬರಿಗೈಯಲ್ಲಿ ಬಂದವಳಿಗೂ ಬೆನ್ನು ನೋಯುತ್ತದೆ, ಹಾಲು ಬರುತ್ತದೆ, ಹೊಟ್ಟೆ ಕಟ್ಟಬೇಕಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಥ ಮನೆಗೆ ಹೋಗಿ ಏನು ಮಾತಾಡುವುದು ಎಂದು ನಾವೆಲ್ಲರೂ ದೂರ ಉಳಿಯುತ್ತೇವೆ. ಅವಳೂ ಬಾಗಿಲು ಹಾಕಿಕೊಳ್ಳುತ್ತಾಳೆ.

ಈಗ ಅಂಥ ಸುದ್ದಿ ಕಿವಿಗೆ ಬಿದ್ದರೆ ಯಾರೂ ಕರೆಯದಿದ್ದರೂ ನಾನು ಹೋಗುತ್ತೇನೆ. ಮೊನ್ನೆ ಹಿಟ್ನಾಳದಲ್ಲಿ ಒಂದು ಮನೆಯವರು ಹೊಸ್ತಿಲಲ್ಲೇ ತಡೆದು, "ಇಲ್ಲಿ ಕೂಸು ಇಲ್ಲ ಬೇ, ಯಾರ ಮನಿ ಹುಡುಕಾಕತ್ತಿ?" ಎಂದರು.

"ಗೊತ್ತೈತಿ," ಎಂದೆ. "ನೀರು ಕಾಯಾಕ ಇಡ್ರಿ."